ದೊಡ್ಡಪ್ಪನ ಕಾರೂ ಕರಾವಳಿಯ ತುಕ್ಕೂ

ಕಬ್ಬಿಣವನ್ನು ಮಣ್ಣಿನಿಂದ ಬೇರ್ಪಡಿಸಲು ಮನುಷ್ಯನು ಅದೆಷ್ಟೋ ಬೆಂಕಿಯನ್ನು ವ್ಯಯಮಾಡಬೇಕು; ಅದನ್ನು ಮರಳಿ ಮಣ್ಣಾಗಿಸಲು ಪ್ರಕೃತಿಗೆ ತುಸು ನೀರು, ತುಸು ಗಾಳಿ ಸಾಕು. ನಮ್ಮ ಕಾಸರಗೋಡು ಸೀಮೆಯಲ್ಲಿ ಈ ಎರಡಕ್ಕೂ ಕೊರತೆಯಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಪಡುವಣಕ್ಕೆ ಕಡಲು, ಕಡಲಿನಿಂದ ಬರುವ ಉಪ್ಪುಗಾಳಿ. ನಾವು ಮನೆ ಕಟ್ಟುವ ಮುರಕಲ್ಲಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡಿನದೇ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ಹೀಗೆ ತುಕ್ಕಿನ ಬಣ್ಣದ ನೆಲದ ಮೇಲೆ, ತುಕ್ಕಿನ ಬಣ್ಣದ ಗೋಡೆಗಳ ನಡುವೆ, ಐವತ್ತು ವರ್ಷ ದಾಟಿದ ಒಂದು ಕಾರನ್ನು ತುಕ್ಕು ಹಿಡಿಯದಂತೆ ಇಟ್ಟುಕೊಳ್ಳುವ ಉದ್ಯೋಗಕ್ಕೆ ನಾನು ಕೈಹಾಕಿದ್ದೇನೆ.

ಕಾರು 1972ರ ಅಂಬಾಸಿಡರ್ ಮಾರ್ಕ್ ಟೂ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡಿನ ಮೂರನೆಯ ಸರಣಿಯನ್ನು ಆಧರಿಸಿ ಹಿಂದುಸ್ಥಾನ್ ಮೋಟಾರ್ಸ್‌ನವರು 1950ರ ದಶಕದ ಉತ್ತರಾರ್ಧದಿಂದ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸುತ್ತ ಬಂದ ಆ ಕಾರು 2014ರಲ್ಲಿ ನಿಂತುಹೋಯಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ದೊಡ್ಡಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದರು. ನಮ್ಮ ಗ್ರಾಮಕ್ಕೆ ಬಸ್ಸು ದಿನಕ್ಕೆರಡು ಬಾರಿ ಬರುತ್ತಿದ್ದ ಕಾಲವದು. ಹೆರಿಗೆಯ ನೋವು ಬಂದ ಹೆಂಗಸರನ್ನು, ಹಾವು ಕಡಿದವರನ್ನು, ಮರದಿಂದ ಬಿದ್ದವರನ್ನು ಮಂಗಳೂರಿನ ಆಸ್ಪತ್ರೆಗೆ ತಲಪಿಸುತ್ತಿದ್ದುದು ಅದೇ ಕಾರು. ನನ್ನ ಶಾಲೆಯ ಮಕ್ಕಳ ಅಜ್ಜ-ಅಜ್ಜಿಯರಲ್ಲಿ ಎಷ್ಟೋ ಮಂದಿ ಅದರಲ್ಲೇ ದಿಬ್ಬಣ ಹೋದವರು. ದೊಡ್ಡಪ್ಪ 1998ರಲ್ಲಿ ತೀರಿಕೊಂಡ ಮೇಲೆ ಅದು ಅಡಕೆ ಕೊಟ್ಟಿಗೆಯ ಮೂಲೆ ಸೇರಿತು. ಗುಜರಿಯವರು ಬಂದು ಕೇಳಿದಾಗಲೆಲ್ಲ ದೊಡ್ಡಮ್ಮ, “ನಾನು ಇರುವಷ್ಟು ದಿನ ಅದೂ ಇರಲಿ” ಎನ್ನುತ್ತಿದ್ದರು. 2019ರಲ್ಲಿ ನಾವು ಅಣ್ಣತಮ್ಮಂದಿರು ನಾಲ್ವರು ಸೇರಿ ದುರಸ್ತಿಗೆ ನಿರ್ಧರಿಸಿದೆವು. ನನ್ನ ಪಾಲಿನ ಹಣ ಪ್ರಾವಿಡೆಂಟ್ ಫಂಡಿನ ಸಾಲ. ಇದನ್ನು ಹೇಳುತ್ತಿರುವುದು ದೊಡ್ಡಸ್ತಿಕೆಗಲ್ಲ. ಇಂಥ ದುರಸ್ತಿಯನ್ನು ನಮ್ಮಂಥವರು ಜೀವನದಲ್ಲಿ ಒಮ್ಮೆ ಮಾತ್ರ ಮಾಡಿಸಬಲ್ಲರೆಂದು ತಿಳಿಸುವುದಕ್ಕಾಗಿ. ಹಣವೊಂದು ವೇಳೆ ಒದಗಿದರೂ ತಗಡು ಒದಗದು. ಅಂಬಾಸಿಡರಿಗೆ ಲಾರಿಯಂತೆ ಪ್ರತ್ಯೇಕ ಚಾಸಿಯಿಲ್ಲ. ತಗಡಿನ ಒಡಲೇ ಅದರ ಬೆನ್ನೆಲುಬು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕಾದರೆ ಬೆಸುಗೆ ಹಿಡಿಯಲು ಅಂಚಿನಲ್ಲಿ ಗಟ್ಟಿ ಲೋಹ ಉಳಿದಿರಬೇಕು. ಎರಡು ಬಾರಿ ಕತ್ತರಿಸಿದ ಅಂಚು ಮೂರನೆಯ ಬಾರಿಗೆ ಸಿಗುವುದಿಲ್ಲ.

ಗಡಿಯಾಚೆಯ ಒಂದು ವರ್ಕ್‌ಶಾಪಿಗೆ 2020ರ ಜನವರಿಯಲ್ಲಿ ಕಾರನ್ನು ಒಪ್ಪಿಸಿದೆವು. ಮಾರ್ಚಿಗೆ ಹಳೆಯ ಬಣ್ಣವನ್ನೆಲ್ಲ ಕೆರೆದು ಬರಿಯ ತಗಡಾಗಿ ನಿಲ್ಲಿಸಿದ್ದರು. ಆ ತಿಂಗಳ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ತಲಪಾಡಿಯ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನು ತಲಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣಬಿಟ್ಟ ದಿನಗಳಲ್ಲಿ ಕಾರಿನ ಚಿಂತೆ ಮಾಡುವುದು ಲಜ್ಜೆಗೇಡಿತನವೇ ಸರಿ. ಆದರೆ ಹತ್ತಾರು ವರ್ಷ ರೋಗಿಗಳನ್ನು ಅದೇ ದಾರಿಯಲ್ಲಿ ಒಯ್ದ ಕಾರು, ಅದೇ ಗಡಿಯ ಆಚೆ ಬೆತ್ತಲೆಯಾಗಿ ನಿಂತಿದೆಯೆಂಬ ಯೋಚನೆ ರಾತ್ರಿ ಬಾರದೆ ಇರುತ್ತಿರಲಿಲ್ಲ. ಜೂನಿನ ಮಳೆ ಬಂತು. ಪ್ರೈಮರ್ ಕಾಣದ ತಗಡಿನ ಮೇಲೆ ಕೆಂಪು ಹುಡಿ ಎದ್ದಿರಬೇಕು. ಅದನ್ನು ಅವರು ನಮಗೆ ತಿಳಿಸಲಿಲ್ಲ. ಮರುವರ್ಷ ಕಾರು ಮನೆಗೆ ಬಂದಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಅಡಿಭಾಗಕ್ಕೆ ಬೆರಳು ದಪ್ಪಕ್ಕೆ ಡಾಂಬರಿನ ಲೇಪ ಹಾಕಿದ್ದರು. ದೊಡ್ಡಮ್ಮ ಆರತಿ ಎತ್ತಿದರು. ಒಂದೇ ಮಳೆಗಾಲ ಕಳೆದು 2022ರಲ್ಲಿ ಬಾಗಿಲುಗಳ ಕೆಳಗೂ ಮುಂದಿನ ಮಡ್‌ಗಾರ್ಡುಗಳ ಹಿಂಬದಿಗೂ ಗುಳ್ಳೆಗಳೆದ್ದವು.

ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ತಾನು ಹುಟ್ಟಿದ ಲೋಹದ ಎರಡರಷ್ಟಕ್ಕೂ ಮಿಗಿಲಾಗಿ ಉಬ್ಬುತ್ತದೆ. ಆದುದರಿಂದಲೇ ಬಣ್ಣ ಮೇಲೇಳುತ್ತದೆ. ನಾನು ಶಾಲೆಯಿಂದ ಪಟ್ಟಿಕಾಂತವನ್ನು ತಂದು, ಬಣ್ಣಕ್ಕೆ ಗೀರು ಬೀಳದಂತೆ ತೆಳುವಾದ ಬಟ್ಟೆಯಲ್ಲಿ ಸುತ್ತಿ, ಕಾರಿನ ಮೈಮೇಲೆಲ್ಲ ಆಡಿಸಿದೆ. ಗಟ್ಟಿ ತಗಡಿದ್ದಲ್ಲಿ ಅದು ಸೆಳೆದು ಹಿಡಿಯುತ್ತಿತ್ತು. ಗುಳ್ಳೆಗಳ ಸುತ್ತ ಗೇಣಗಲದಲ್ಲಿ ಹಿಡಿತವೇ ಇರಲಿಲ್ಲ. ಅಲ್ಲೆಲ್ಲ ಇದ್ದುದು ಪುಟ್ಟಿ. ಹಳೆಯ ಕಾರನ್ನು ಕೊಳ್ಳಹೊರಟವರು ಯಾರೇ ಆಗಲಿ, ಒಂದು ಅಯಸ್ಕಾಂತವನ್ನು ಕಿಸೆಯಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು, ಅದಕ್ಕೆ ದಾಕ್ಷಿಣ್ಯವೆಂಬುದಿಲ್ಲ.

ಆ ಮೇಲೆ ಕಾರನ್ನು ಮನೆಯ ಅಂಗಳದಲ್ಲೇ ನೋಡಿದವರು ಉಪ್ಪಳದ ಕಡೆಯ ಓರ್ವ ವೃದ್ಧ ಟಿಂಕರ್ ಮೇಸ್ತ್ರಿ. ಅವರು ಬಾನೆಟ್ಟನ್ನಾಗಲಿ ಹೊಳೆಯುವ ಬಣ್ಣವನ್ನಾಗಲಿ ನೋಡಲಿಲ್ಲ. ನೇರವಾಗಿ ನೆಲದ ಮೇಲೆ ಮಲಗಿ, ಬಾಗಿಲ ಹೊಸ್ತಿಲಿನ ಕೆಳಗಿರುವ ಪೆಟ್ಟಿಗೆಯಂಥ ಟೊಳ್ಳು ತೊಲೆಯನ್ನು ಸುತ್ತಿಗೆಯ ಹಿಡಿಯಿಂದ ಬಡಿಯುತ್ತ ಹೋದರು. ಒಂದು ಕಡೆ ಠಣ್ಣೆಂದಿತು. ಇನ್ನೊಂದು ಕಡೆ ಹಸಿ ತೆಂಗಿನಕಾಯಿಯನ್ನು ಬಡಿದಂಥ ಸದ್ದು. ಡಾಂಬರನ್ನು ಉಳಿಯಿಂದ ಎಬ್ಬಿಸಿದಾಗ ಅದರ ಹಿಂದಿನಿಂದ ನೀರು ತೊಟ್ಟಿಕ್ಕಿತು. ಮಳೆ ನಿಂತು ಎರಡು ತಿಂಗಳಾಗಿತ್ತು!

“ಮಾಷ್ಟ್ರೇ, ಇದಕ್ಕೆ ಬಣ್ಣ ಕಮ್ಮಿಯಾದದ್ದಲ್ಲ. ಗಾಳಿ ಕಮ್ಮಿಯಾದದ್ದು” ಎಂದರು ಅವರು.

ನನಗೆ ಆ ಮಾತು ಥಟ್ಟನೆ ಒಪ್ಪಿಗೆಯಾಗಲಿಲ್ಲ. ನಾನು ಅಧ್ಯಾಪಕ ತರಬೇತಿಯಲ್ಲಿ ಕಲಿತು ಮೂವತ್ತು ವರ್ಷಗಳಿಂದ ಮಕ್ಕಳಿಗೆ ತೋರಿಸುತ್ತ ಬಂದ ಮೂರು ಪ್ರನಾಳಗಳ ಪ್ರಯೋಗವುಂಟಷ್ಟೆ: ಒಂದರಲ್ಲಿ ಮೊಳೆಗೆ ನೀರೂ ಗಾಳಿಯೂ, ಇನ್ನೊಂದರಲ್ಲಿ ಕುದಿಸಿದ ನೀರು, ಮೇಲೆ ಎಣ್ಣೆಯ ಪದರ, ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡು. ಮೊದಲನೆಯ ಮೊಳೆ ಮಾತ್ರ ತುಕ್ಕು ಹಿಡಿಯುತ್ತದೆ. ಹಾಗಾದರೆ ಗಾಳಿಯನ್ನು ತಡೆದರೆ ಒಳ್ಳೆಯದಾಗಬೇಕಲ್ಲ? ಆದರೆ ಪ್ರನಾಳದಲ್ಲಿ ತಡೆಯುವಂತೆ ಕಾರಿನಲ್ಲಿ ಗಾಳಿಯನ್ನು ಪೂರ್ತಿಯಾಗಿ ತಡೆಯಲಾಗದು; ಅರ್ಧ ತಡೆಯಬಹುದು, ಅಷ್ಟೆ. ಅರ್ಧ ತಡೆದುದೇ ಅಪಾಯ.

ಇದನ್ನು ಕೇಂಬ್ರಿಜ್ಜಿನ ಯು. ಆರ್. ಎವನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಒಂದೇ ಒಂದು ಉಪ್ಪುನೀರಿನ ಹನಿಯಿಂದ ತೋರಿಸಿದ್ದನು. ಹೈಸ್ಕೂಲಿನಿಂದ ಎರಡು ಸೂಚಕ ದ್ರವಗಳನ್ನು ಕೇಳಿ ತಂದು ನಾನು ಅದನ್ನು ನಮ್ಮ ಏಳನೆಯ ತರಗತಿಯ ಮಕ್ಕಳ ಮುಂದೆ ಮಾಡಿದೆ. ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಹನಿಯನ್ನಿಟ್ಟು ಕಾದರೆ, ಹನಿಯ ಅಂಚು ಗುಲಾಬಿಯಾಗುತ್ತದೆ, ನಡು ನೀಲಿಯಾಗುತ್ತದೆ. ಅಂಚಿಗೆ ಗಾಳಿ ಧಾರಾಳ, ನಡುವಿಗೆ ಕಡಿಮೆ. ಕರಗುವುದು ಗಾಳಿ ಧಾರಾಳವಾಗಿರುವ ಅಂಚಿನ ಕಬ್ಬಿಣವಲ್ಲ, ಕಡಿಮೆಯಿರುವ ನಡುವಿನದು! ಎರಡು ತಗಡುಗಳು ಒಂದರ ಮೇಲೊಂದು ಕೂತು ಬೆಸೆದ ಸಂದಿಯಲ್ಲಿ, ಪುಟ್ಟಿಯ ಅಡಿಯಲ್ಲಿ, ಬಿರಿದ ಡಾಂಬರಿನ ಹಿಂದೆ ನಡೆಯುವುದು ಇದೇ. ನೀರು ಒಳಹೊಕ್ಕು ಕೂರುತ್ತದೆ. ಗಾಳಿ ಬಾಯಲ್ಲಿ ಮಾತ್ರ. ಲೋಹ ಒಳಗಿನಿಂದ ಸವೆಯುತ್ತ ಹೋಗುತ್ತದೆ. ಹೊರಗಿನ ಬಣ್ಣ ಕೊನೆಯ ದಿನದ ತನಕ ನಗುತ್ತಿರುತ್ತದೆ. ಮೇಸ್ತ್ರಿಗಳು ಎವನ್ಸನ ಹೆಸರನ್ನು ಕೇಳಿದವರಲ್ಲ. ಆದರೆ ನಲವತ್ತು ವರ್ಷ ಸಂದಿಗಳನ್ನು ಬಿಚ್ಚಿ ನೋಡಿದವರು.

ಉಪ್ಪಿನ ಪಾತ್ರವನ್ನಂತೂ ನಮ್ಮ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಆಟಿ ತಿಂಗಳಲ್ಲಿ ಉಪ್ಪಿನ ಭರಣಿ ತಾನಾಗಿ ನೀರೊಡೆಯುವುದನ್ನು ಅವರು ಕಂಡಿದ್ದಾರೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ರ ಸುಮಾರಿಗೆ ಏರಿದರೆ ಅಡಿಗೆಯ ಉಪ್ಪು ತೇವವನ್ನು ಹೀರಿ ಕರಗತೊಡಗುತ್ತದೆ. ಮಳೆ ಬೀಳದ ದಿನವೂ ಕಾರಿನ ಮೇಲಿನ ಉಪ್ಪಿನ ಹುಡಿ ತನ್ನ ನೀರನ್ನು ತಾನೇ ಗಾಳಿಯಿಂದ ತಂದುಕೊಳ್ಳುತ್ತದೆಂದು ಇದರರ್ಥ. ಉಪ್ಪಿಲ್ಲದಿದ್ದರೂ ಆರ್ದ್ರತೆ ಶೇಕಡಾ 60 ದಾಟಿದ ಮೇಲೆ ತುಕ್ಕಿನ ವೇಗ ಬಹಳ ಹೆಚ್ಚುತ್ತದೆ. ಸೊಲ್ಲಾಪುರ, ಆದವಾನಿ, ರಾಯದುರ್ಗಗಳ ಕಡೆಯ ನಮ್ಮ ಓದುಗರು ಈ ವಿಷಯದಲ್ಲಿ ಭಾಗ್ಯವಂತರು. ಅಲ್ಲಿಯ ಒಣ ಹವೆಯಲ್ಲಿ ಮರದಡಿ ನಿಂತ ಹಳೆಯ ಕಾರು ಇಲ್ಲಿ ಕೊಟ್ಟಿಗೆಯೊಳಗಿದ್ದ ಕಾರಿಗಿಂತ ಗಟ್ಟಿಯಾಗಿರುವುದು ಆಶ್ಚರ್ಯವಲ್ಲ. ನೀಲಗಿರಿಯವರಿಗೆ ಉಪ್ಪಿನ ಭಯವಿಲ್ಲ, ಮಂಜಿನ ಭಯವುಂಟು.

ಆದರೆ ನಮ್ಮ ಕಾರಿನ ಡಿಕ್ಕಿಯ ತಳ ತೂತಾಗಿದ್ದುದಕ್ಕೆ ಕಡಲು ಕಾರಣವಲ್ಲ, ಅಡಕೆ ಕೃಷಿ! ಕೊಳೆರೋಗದ ಮದ್ದಿಗೆಂದು ಮೈಲುತುತ್ತನ್ನು ದೊಡ್ಡಪ್ಪ ವರ್ಷವರ್ಷವೂ ಡಿಕ್ಕಿಯಲ್ಲಿ ತರುತ್ತಿದ್ದರು. ಮೈಲುತುತ್ತಿನ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನಿಟ್ಟರೆ ಅದರ ಮೇಲೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗಿ ದ್ರಾವಣ ಸೇರುತ್ತದೆ. ಇದೂ ಪಾಠಪುಸ್ತಕದ್ದೇ. ಚೀಲದಿಂದ ಉದುರಿದ ನೀಲಿ ಹರಳು ರಬ್ಬರ್ ಹಾಸಿನ ಕೆಳಗೆ ತೇವದೊಡನೆ ಸೇರಿ ಆ ಪಾಠವನ್ನು ಇಪ್ಪತ್ತು ವರ್ಷ ನಡೆಸಿತ್ತು. ಇನ್ನು ಕಾರು ನಿಂತಿದ್ದ ಕೊಟ್ಟಿಗೆಯಲ್ಲೇ ಪೊಟಾಷಿನ ಗೋಣಿಗಳು. ತೋಟಕ್ಕೆ ಹಾಕುವ ಪೊಟಾಷೂ ಕ್ಲೋರೈಡಿನ ಉಪ್ಪೇ. ಈಗ ಗೊಬ್ಬರಕ್ಕೆ ಬೇರೆ ಮಾಡು ಕಟ್ಟಿಸಿದ್ದೇವೆ. ನಮ್ಮ ಅನೇಕ ಮನೆಗಳಲ್ಲಿ ಹೊಸ ಕಾರಿನ ಬದಿಯಲ್ಲೇ ಗೊಬ್ಬರದ ಚೀಲಗಳು ಒರಗಿರುವುದನ್ನು ನೋಡುತ್ತೇನೆ. ಇದನ್ನು ಓದಿ ಒಬ್ಬರಾದರೂ ಅವನ್ನು ಆಚೆಗೆ ಸರಿಸಿದರೆ ಈ ಲೇಖನ ಬರೆದ ಶ್ರಮ ಸಾರ್ಥಕ.

ಎರಡನೆಯ ದುರಸ್ತಿ ಅಂಗಳದಲ್ಲಿ, ಒಂದು ಬೇಸಿಗೆಯ ರಜೆಯಿಡೀ ನಡೆಯಿತು. ಡಾಂಬರನ್ನೆಲ್ಲ ಕೆರೆದು ತೆಗೆಯಲು ಹನ್ನೊಂದು ದಿನ. ತೂತಾದ ತಗಡನ್ನು ಕತ್ತರಿಸಿ ಹೊಸ ತುಂಡು ಬೆಸೆದರು. ಗಟ್ಟಿಯಿದ್ದಲ್ಲಿ ತಂತಿ ಬ್ರಶ್ಶಿನಿಂದ ಉಜ್ಜಿ ಫಾಸ್ಫಾರಿಕ್ ಆಮ್ಲದ ತೆಳು ದ್ರಾವಣ ಹಚ್ಚಿ, ತೊಳೆದು, ಆ ಕ್ಷಣವೇ ಒಣಗಿಸಿದೆವು. ಬ್ರಶ್ಶು ಹೋಗದ ಮೂಲೆಗಳಿಗೆ ಟ್ಯಾನಿನ್ ಇರುವ ದ್ರವ. ಬಾಳೆಕಾಯಿಯನ್ನೋ ಎಳೆ ಅಡಕೆಯನ್ನೋ ಹೆಚ್ಚಿದ ಕತ್ತಿ ಕಪ್ಪಾಗುವುದುಂಟಲ್ಲ, ಅದೇ ಕ್ರಿಯೆ: ಕಾಯಿಯ ಒಗರು ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಬಣ್ಣದ ಪದರವಾಗುತ್ತದೆ. ಹಿಂದಿನವರು ಅಳಲೆಕಾಯಿಯಿಂದ ಶಾಯಿ ಮಾಡಿದುದೂ ಹೀಗೆಯೇ. ಕೆಂಪು ಹುಡಿಯನ್ನು ಅದು ಕರಿಯ ಸ್ಥಿರ ಪದರವಾಗಿಸುತ್ತದೆ. ಆದರೆ ಸವೆದ ಲೋಹವನ್ನು ಮರಳಿ ಕೊಡುವುದಿಲ್ಲ. ಡಬ್ಬಿಯ ಮೇಲಿನ ಜಾಹೀರಾತು ಹಾಗೆ ಭ್ರಮೆ ಹುಟ್ಟಿಸುತ್ತದೆಂದು ಈ ಮಾತು.

ಆ ಮೇಲೆ ಎಪಾಕ್ಸಿ ಪ್ರೈಮರ್. ರೆಡ್ ಆಕ್ಸೈಡ್ ಅಗ್ಗವಾದರೂ ಅದರೊಂದರ ಪದರವನ್ನೇ ನಂಬಿದರೆ ತೇವ ನುಸುಳುತ್ತದೆ. ಅದರ ಕೆಂಪು ಹುಡಿಯೂ ಕಬ್ಬಿಣದ ಆಕ್ಸೈಡೇ ಎಂಬುದು ಇನ್ನೊಂದು ವಿನೋದ. ಎಪಾಕ್ಸಿಯ ವಿಷಯದಲ್ಲಿ ನಮ್ಮ ನಾಡಿಗೆ ಹೆಮ್ಮೆಪಡಲು ಒಂದು ಕಾರಣವಿದೆ. ಗೇರುಬೀಜದ ಸಿಪ್ಪೆಯೆಣ್ಣೆಯನ್ನು ನಮ್ಮ ಕರಾವಳಿಯ ಮೀನುಗಾರರು ದೋಣಿಗೆ ಬಳಿಯುತ್ತಿದ್ದರಷ್ಟೆ. ಅದೇ ಎಣ್ಣೆಯಿಂದ ತಯಾರಾದ ಗಟ್ಟಿಕಾರಕಗಳನ್ನು ಇಂದು ಹಡಗುಗಳ ಎಪಾಕ್ಸಿ ಬಣ್ಣಗಳಲ್ಲಿ ಬಳಸುತ್ತಾರೆ, ತೇವದ ಮೈಮೇಲೂ ಅವು ಗಟ್ಟಿಯಾಗುತ್ತವೆಂದು. ಹಾಗೆಂದು ಹಸಿ ಸಿಪ್ಪೆಯೆಣ್ಣೆಯನ್ನು ಯಾರೂ ಕಾರಿಗೆ ಬಳಿಯಬಾರದು. ಅದು ಆಮ್ಲೀಯ, ಕೈಯ ಚರ್ಮವನ್ನೇ ಸುಡುವಂಥದು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಕಣ್ಣಿಗೆ ಕಾಣದ್ದು. ಬೆಸುಗೆಯ ಬೆಂಕಿ ಹೊರಗೆ ತಾಗಿದಂತೆ ಒಳಗೂ ತಾಗುತ್ತದೆ. ಟೊಳ್ಳು ತೊಲೆಯ ಒಳಮೈಯ ಬಣ್ಣ ಸುಟ್ಟುಹೋಗಿ ಅಲ್ಲಿ ಬೆತ್ತಲೆ ಲೋಹ ಉಳಿಯುತ್ತದೆ. ಹೊರಗೆಷ್ಟೇ ಬಣ್ಣ ಬಳಿದರೂ ತುಕ್ಕು ಒಳಗಿನಿಂದ ಹೊರಡುತ್ತದೆ. ಮೊದಲಿನ ವರ್ಕ್‌ಶಾಪಿನವರು ಬಿಟ್ಟುದು ಇದನ್ನೇ. ಮೇಸ್ತ್ರಿಗಳು ತೊಲೆಯ ಒಳಬದಿಯಲ್ಲಿ ಬೆರಳು ತೂರುವಷ್ಟು ತೂತು ಕೊರೆದು, ಮೇಣದ ದ್ರವವನ್ನು ಬಿಸಿನೀರಿನಲ್ಲಿಟ್ಟು ತೆಳುಮಾಡಿ, ಉದ್ದ ನಳಿಗೆಯಿಂದ ಒಳಗೆಲ್ಲ ಸಿಂಪಡಿಸಿದರು. ಅದು ಸಂದಿಗಳಿಗೆ ಹರಿದು ಕೆಳಗಿನ ತೂತುಗಳಿಂದ ತೊಟ್ಟಿಕ್ಕುವ ತನಕ. ಆ ಬಳಿಕ ತೂತುಗಳಿಗೆ ರಬ್ಬರ್ ಬೆಣೆ. ಆದರೆ ಕೆಳಗಿನ ಬಸಿ ತೂತುಗಳನ್ನು ಎಂದಿಗೂ ಮುಚ್ಚಕೂಡದು. ಬಾಗಿಲುಗಳ ತಳದಲ್ಲೂ ಇಂಥ ತೂತುಗಳಿವೆ. ಗಾಜಿನ ಬದಿಯಿಂದ ಇಳಿದ ಮಳೆನೀರು ಹೊರಬರುವುದು ಅವುಗಳಿಂದಲೇ. ಧೂಳು, ಎಲೆ, ಹಳೆಯ ಬಣ್ಣ ಕೂತು ಅವು ಮುಚ್ಚಿದರೆ ಬಾಗಿಲು ಬಾವಿಯಾಗುತ್ತದೆ. ಒಂದು ತೆಂಗಿನ ಕಡ್ಡಿ ಸಾಕು, ಬಿಡಿಸಲು. ಕಾರಿನ ಆಯುಷ್ಯಕ್ಕೆ ಇಷ್ಟು ಅಗ್ಗದ ಮದ್ದು ಬೇರೊಂದಿಲ್ಲ.

ಊರವರ ಸಲಹೆಗಳಿಗೆ ಕೊನೆಯಿರಲಿಲ್ಲ. ಬಸ್ಸಿನವರಂತೆ ಅಡಿಗೆ ಕರಿ ಆಯಿಲ್ ಹೊಡೆಸಿ ಎಂದರು ಕೆಲವರು. ಎಣ್ಣೆ ಒಳ್ಳೆಯದೇ, ಆದರೆ ಎಂಜಿನ್ನಿನಿಂದ ಇಳಿಸಿದ ಎಣ್ಣೆಯಲ್ಲಿ ಉರಿದುಳಿದ ಆಮ್ಲಗಳಿರುತ್ತವೆ, ರಬ್ಬರಿನ ಬುಷ್ಷುಗಳೂ ಕೆಡುತ್ತವೆ. ವಿದ್ಯುತ್ತಿನಿಂದ ತುಕ್ಕು ತಡೆಯುವ ಪೆಟ್ಟಿಗೆಯೊಂದಿದೆಯೆಂದು ಮುಂಬಯಿಯಲ್ಲಿರುವ ತಮ್ಮ ಬರೆದ. ಕಡಲಿನ ಬೋಟುಗಳ ತಳಕ್ಕೆ ಸತುವಿನ ತುಂಡು ಕಟ್ಟುವುದು ಸರಿ. ಸತುವು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಆದರೆ ಅಲ್ಲಿ ಎರಡೂ ಒಂದೇ ನೀರಿನಲ್ಲಿ ಮುಳುಗಿರುತ್ತವೆ. ರಸ್ತೆಯ ಮೇಲಿನ ಕಾರು ಹಾಗಲ್ಲ. ಇನ್ನೋರ್ವ ಹಿರಿಯರು ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯೆದುರು ಮಳೆಯಲ್ಲೇ ನಿಂತಿರುವ ಕಬ್ಬಿಣದ ಕಂಬವನ್ನು ನೆನಪಿಸಿ, “ಅದಕ್ಕೆ ಯಾವ ಪ್ರೈಮರ್ ಹಾಕಿದ್ದಾರೆ, ಮಾಷ್ಟ್ರೇ?” ಎಂದು ಸವಾಲೆಸೆದರು. ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಅದೇ ಮೈಮೇಲೊಂದು ರಕ್ಷಕ ಪದರವನ್ನು ಬೆಳೆಸಿದೆಯೆಂದು ಲೋಹತಜ್ಞರು ಕಂಡುಕೊಂಡಿದ್ದಾರೆ. ಅದಿರಲಿ, ಬಯಲಿನಲ್ಲಿ ನಿಂತ ಗಟ್ಟಿ ಕಂಬಕ್ಕೆ ನೀರು ಅವಿತುಕೊಳ್ಳಲು ಸಂದಿಯೆಲ್ಲಿದೆ? ನೆನೆದಷ್ಟೇ ಬೇಗ ಒಣಗುತ್ತದೆ. ಒಂದು ಮಿಲಿಮೀಟರಿನ ಆಸುಪಾಸಿನ ತಗಡುಗಳನ್ನು ನೂರಾರು ಕಡೆ ಬೆಸೆದ ಕಾರಿಗೆ ಆ ಭಾಗ್ಯವಿಲ್ಲ.

ಪ್ಲಾಸ್ಟಿಕ್ ಟರ್ಪಾಲಿನ ವಾದ ಮಾತ್ರ ಮನೆಯೊಳಗೇ ಎದ್ದಿತು. ಇಷ್ಟು ಖರ್ಚು ಮಾಡಿದ ಕಾರನ್ನು ಮುಚ್ಚದೆ ಇಡುವುದುಂಟೇ ಎಂದು ನನ್ನ ಮನೆಯವರ ಪ್ರಶ್ನೆ. ದೊಡ್ಡಮ್ಮನೇ ತೀರ್ಪು ಕೊಟ್ಟರು: “ಅರೆ ಒಣಗಿದ ಅಡಕೆಯನ್ನು ಯಾರಾದರೂ ಮುಚ್ಚಿಡುತ್ತಾರಾ? ಬೂಷ್ಟು ಬರುವುದಿಲ್ಲವಾ?” ಟರ್ಪಾಲಿನ ಕೆಳಗೆ ರಾತ್ರಿ ತಣಿದ ತಗಡಿನ ಮೇಲೆ ತೇವ ಕೂತರೆ ಹಗಲಿಗೂ ಆರದು. ಆದುದರಿಂದ ಈಗ ಕಾರಿಗೆ ಮೇಲೆ ಹಂಚಿನ ಮಾಡು, ಪಡುಬದಿಗೆ ಗೋಡೆ, ಉಳಿದ ಬದಿಗಳಿಗೆ ಗಾಳಿಯಾಡುವ ಅಡಕೆ ಸಲಾಕೆಯ ಜಾಲರಿ, ನೆಲಕ್ಕೆ ಸಿಮೆಂಟು. ಮೇಲೆ ಹತ್ತಿಬಟ್ಟೆಯ ಹೊದಿಕೆ, ಅದೂ ಬೇಸಿಗೆಯಲ್ಲಿ ಧೂಳಿಗೆ ಮಾತ್ರ.

ವರ್ಷಕ್ಕೆರಡು ದಿನ ನಿಗದಿ ಮಾಡಿಕೊಂಡಿದ್ದೇನೆ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಊರ ಕೋಲ-ನೇಮಗಳಿಗೆ ತೆರೆ ಬೀಳುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ನಮ್ಮ ಕಾರಿಗೆ ಅಂದು ಮೇಣದ ಸೇವೆ. ದೀಪಾವಳಿ ಕಳೆದ ಮೇಲೆ ಹಾಸುಗಳನ್ನೆಲ್ಲ ಎತ್ತಿ, ಕೆಳಗಿನ ಸೆಣಬಿನ ಪದರವನ್ನು ಬಿಸಿಲಿಗೆ ಹಾಕಿ, ಬಾಗಿಲು-ಡಿಕ್ಕಿಗಳನ್ನು ಎರಡು ದಿನ ತೆರೆದಿಡುತ್ತೇವೆ. ಬೇಕಲದ ಕಡೆಗೋ ಕುಂಬಳೆಯ ಕಡಲ ಬದಿಗೋ ಹೋಗಿ ಬಂದ ದಿನ, ಎಷ್ಟು ಹೊತ್ತಾಗಿದ್ದರೂ ಅಡಿಭಾಗಕ್ಕೆ ಸಿಹಿನೀರು ಬಿಟ್ಟು ತೊಳೆಯುವುದು, ತೊಳೆದ ಮೇಲೆ ಒಂದು ಮೈಲಿ ಓಡಿಸಿ ನೀರು ಹಾರಿಸಿ ಬರುವುದು. ಆಯುಧಪೂಜೆಯ ದಿನ ಮಕ್ಕಳು ಕೊಡಗಟ್ಟಲೆ ನೀರು ಸುರಿಯುವುದನ್ನು ಮಾತ್ರ ತಡೆಯಲಾಗಿಲ್ಲ. ಅಂದು ನಾನು ಬಟ್ಟೆ ಹಿಡಿದು ಅವರ ಹಿಂದೆಯೇ ಸುತ್ತುತ್ತೇನೆ.

2021ರ ಜುಲೈಯಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರು, ಮೂಲರೂಪದಲ್ಲಿದ್ದು ಒಡಲಿಗಾಗಲಿ ಚಾಸಿಗಾಗಲಿ ಎಂಜಿನ್ನಿಗಾಗಲಿ ಗಣನೀಯ ಬದಲಾವಣೆಯಾಗದಿದ್ದರೆ ಮಾತ್ರ, ವಿಂಟೇಜ್ ಎನಿಸಿಕೊಳ್ಳುತ್ತದೆ. ನಾವು ಆ ಗೌರವಕ್ಕೆ ಅರ್ಜಿ ಹಾಕಿಲ್ಲ. ಹಾಕಿದರೆ ನಿತ್ಯದ ಓಡಾಟಕ್ಕೆ ಕಾರನ್ನು ಬಳಸುವಂತಿಲ್ಲ. ದೊಡ್ಡಮ್ಮನಿಗೆ ಬೇಕಾದುದು ತಿಂಗಳಿಗೊಮ್ಮೆ ಮಧೂರಿಗೆ ಹೋಗಿ ಬರುವುದು, ಅದೂ ಮುಂದಿನ ಸೀಟಿನಲ್ಲಿ.

ಕಳೆದ ಪತ್ತನಾಜೆಗೆ ಮೇಸ್ತ್ರಿಗಳು ಬಂದು ಮತ್ತೆ ಸುತ್ತಿಗೆಯ ಹಿಡಿಯಿಂದ ತೊಲೆಗಳನ್ನು ಬಡಿದು ನೋಡಿದರು. ಬಲಬದಿ ಉದ್ದಕ್ಕೂ ಠಣ್ಣೆಂದಿತು. ಎಡಬದಿಯಲ್ಲಿ ಜಾಕಿ ಕೊಡುವ ಜಾಗದ ಹತ್ತಿರ ಎರಡು ಬೆರಳಗಲ ಸದ್ದು ತುಸು ಮಂದವಾಗಿದೆ. ಅಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಮೇಣ ಇನ್ನೊಂದು ಸುತ್ತು ಹಾಕಿ ಹೋಗಿದ್ದಾರೆ. ಈ ಮಳೆಗಾಲ ಕಳೆದ ಮೇಲೆ ತೆರೆದು ನೋಡೋಣವೆಂದಿದ್ದಾರೆ. ಅಲ್ಲಿಯ ತನಕ ಆ ಜಾಗಕ್ಕೆ ಜಾಕಿ ಕೊಡಬೇಡಿ ಎಂದು ಎರಡು ಬಾರಿ ಹೇಳಿದರು.